ಆಡಿದ ಮಾತಿಗೆ ಸಾಕ್ಷಿ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಾಲಗೆಯ ಹತೋಟಿಗಾಗಿ ಬಳಸುತ್ತೇವೆ. ಅದಕ್ಕೆ ಇನ್ನೊಂದು ಅರ್ಥವೂ ಉಂಟೆಂದು ನನಗೆ ಹೊಳೆದದ್ದು ಬೆಳಕವಾಡಿಯಲ್ಲಿ. ಆಡಿದ ಮಾತು ನಿಜವಾಗಿಯೇ ಹೋಗಿಬಿಡುತ್ತದೆ. ಉಳಿಯುವುದು ಅದರ ನೆನಪು ಮಾತ್ರ. ಆ ನೆನಪು ಆಡಿದವನಲ್ಲಿ ಒಂದು ಬಗೆ, ಕೇಳಿದವನಲ್ಲಿ ಇನ್ನೊಂದು ಬಗೆ.

ಮಳವಳ್ಳಿ ತಾಲ್ಲೂಕಿನ ಆ ಊರಿನಲ್ಲಿ ನಮ್ಮ ಬಂಧುಗಳಾದ ಮೇಷ್ಟ್ರೊಬ್ಬರಿದ್ದಾರೆ. 2018ರಲ್ಲಿ ನಿವೃತ್ತರಾದಾಗ ಕೈಗೆ ಬಂದ ಹಣವನ್ನು ಎಲ್ಲಿ ತೊಡಗಿಸಬೇಕೆಂದು, ಹಣಕಾಸಿನ ಸಲಹೆಗಾರನಾಗಿದ್ದ ತಮ್ಮ ಹಳೆಯ ಶಿಷ್ಯನನ್ನು ಕೇಳಿದರು. ಜಗಲಿಯ ಮೇಲೆ ಕುಳಿತು ಒಂದು ಸಂಜೆಯೆಲ್ಲ ಮಾತಾಯಿತು. ಶಿಷ್ಯ ಅಚ್ಚಾದ ನಮೂನೆಗಳನ್ನು ತುಂಬಿ ರುಜು ಹಾಕಿಸಿಕೊಂಡ. ಆಡಿದ ಮಾತನ್ನು ಮಾತ್ರ ಬರೆದುಕೊಳ್ಳಲಿಲ್ಲ. ಅಕ್ಷರ ಕಲಿಸಿದ ಗುರುವಿನ ಎದುರಿಗೆ, ಪೊಲೀಸಿನವರು ಹೇಳಿಕೆ ಬರೆದುಕೊಳ್ಳುವಂತೆ ಕಾಗದ ಹಿಡಿದು ಕೂರುವುದು ಅವನಿಗೆ ಅವಿನಯವೆಂದು ತೋರಿತು.

2020ರ ಮಾರ್ಚಿಯಲ್ಲಿ, ಕೊರೋನಾ ಹಾವಳಿಯ ಕಾಲದಲ್ಲಿ, ಷೇರುಪೇಟೆ ಕುಸಿಯಿತು. ಮಗಳ ಮದುವೆಗೆಂದು ಇಟ್ಟಿದ್ದ ಹಣ ಕರಗಿತು. “ಎರಡು ವರ್ಷದಲ್ಲಿ ದುಡ್ಡು ಬೇಕಾಗುತ್ತೆ ಅಂತ ಹೇಳಿದ್ದೆನಲ್ಲಪ್ಪ” ಎಂದರು ಮೇಷ್ಟ್ರು. “ಅವಸರವೇನೂ ಇಲ್ಲ ಅಂದಿದ್ರಿ, ಮೇಷ್ಟ್ರೇ” ಎಂದ ಶಿಷ್ಯ. ಇಬ್ಬರೂ ಸುಳ್ಳಾಡುವವರಲ್ಲ. ಆ ಸಂಜೆ ಬಹುಶಃ ಎರಡು ಮಾತೂ ಬಂದಿರಬೇಕು. ನಷ್ಟವಾದ ಮೇಲೆ ಒಬ್ಬರಿಗೆ ತಾವು ಹೇಳಿದ ಎಚ್ಚರಿಕೆ ಮಾತ್ರ ನೆನಪಾಯಿತು. ಇನ್ನೊಬ್ಬನಿಗೆ ಅವರು ಕೊಟ್ಟ ಒಪ್ಪಿಗೆ ಮಾತ್ರ. ಮುಂದೆ ಪೇಟೆ ಚೇತರಿಸಿಕೊಂಡಿತು. ಆ ವೇಳೆಗೆ ಹಣವನ್ನು ಹಿಂದಕ್ಕೆ ತೆಗೆದಾಗಿತ್ತು, ಗುರುಶಿಷ್ಯರ ನಡುವೆ ಮಾತೂ ನಿಂತಿತ್ತು.

ನಂಬಿಕೆಯಿರುವ ಕಡೆ ಬರೆದಿಡುವುದು ಅಪನಂಬಿಕೆಯೆ? ಇದೇ ನನ್ನನ್ನು ಕಾಡಿದ ಪ್ರಶ್ನೆ.

ಬರಹ ತಾನಾಗಿಯೇ ಧರ್ಮವಲ್ಲವೆಂಬುದನ್ನು ಮೊದಲು ಒಪ್ಪಬೇಕು. ಹಿಂದೆ ನಮ್ಮ ಶಾನುಭೋಗರ ಕಡತಗಳಿದ್ದುವು. ಇದ್ದಿಲ ಪುಡಿಯನ್ನೂ ಹುಣಿಸೆಬೀಜದ ಸರಿಯನ್ನೂ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ತನ್ನ ಹೊಲದ ವಿಚಾರ ಅದರಲ್ಲಿ ಏನೆಂದು ಬರೆದಿದೆಯೋ ಓದುಬಾರದ ರೈತನಿಗೆ ತಿಳಿಯುತ್ತಿರಲಿಲ್ಲ. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಹೋಯಿತು. ಆದರೆ ಇಂಗ್ಲಿಷಿನಲ್ಲಿ ಅಚ್ಚಾದ ನಮೂನೆಯ ಕೊನೆಗೆ, ತೋರಿಸಿದ ಜಾಗದಲ್ಲಿ ರುಜು ಹಾಕುವ ಇಂದಿನ ನಿವೃತ್ತನ ಪಾಡು ಆ ರೈತನ ಪಾಡಿಗಿಂತ ಎಷ್ಟು ಭಿನ್ನ?

ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ, ನೋಂದಾಯಿತ ಸಲಹೆಗಾರರು ತಾವಿತ್ತ ಸಲಹೆಯನ್ನೂ ಅದರ ಕಾರಣವನ್ನೂ ಬರೆದು 5 ವರ್ಷ ಕಾಪಾಡಬೇಕೆಂದು 2013ರಲ್ಲಿಯೇ ವಿಧಿಸಿತು. 2020ರ ಸೆಪ್ಟೆಂಬರಿನಲ್ಲಿ ಇನ್ನೂ ಮುಂದೆ ಹೋಗಿ, ಸಲಹೆಯ ಬಗ್ಗೆ ನಡೆದ ಮಾತುಕತೆಯೂ ಉಳಿದಿರಬೇಕು, ವ್ಯಾಜ್ಯವಿದ್ದರೆ ಅದು ತೀರುವವರೆಗೂ ಇರಬೇಕು ಎಂದಿತು. ಗ್ರಾಹಕರ ರುಜುವಿರುವ ಬರಹವಾಗಲಿ, ಫೋನಿನ ಧ್ವನಿಮುದ್ರಣವಾಗಲಿ, ಇ-ಮೇಲ್ ಆಗಲಿ ಆದೀತು. ಒಳ್ಳೆಯದೇ. ಆದರೆ ಕಾನೂನಿನ ಭಯಕ್ಕೆ ಬರೆದದ್ದು ಬರೆದವನನ್ನು ಮಾತ್ರ ಕಾಯುತ್ತದೆ.

‘ಗ್ರಾಹಕರಿಗೆ ನಷ್ಟದ ಸಂಭವ ತಿಳಿದಿದೆ’ ಎಂದು ಬರೆದರೆ ಅಲ್ಲಿ ಮನುಷ್ಯನೇ ಇಲ್ಲ. ‘ಎರಡು ವರ್ಷದಲ್ಲಿ ಮಗಳ ಮದುವೆ, ಅಸಲು ಕರಗಬಾರದು ಎಂದರು’ ಎಂದು ಬರೆದರೆ ಮೇಷ್ಟ್ರು ಅಲ್ಲಿದ್ದಾರೆ. ಹಾಗೆ ಬರೆದ ಸಲಹೆಗಾರ ಆ ಹಣವನ್ನು ಷೇರಿನಲ್ಲಿ ತೊಡಗಿಸಿರೆಂದು ಹೇಳುವ ಮುನ್ನ ತನ್ನ ಕೈಬರಹವನ್ನೇ ಎದುರಿಸಬೇಕಾಗುತ್ತದೆ. ಒಳ್ಳೆಯ ದಾಖಲೆ ಹೇಳಿದವರಿಗಿಂತ ಹೆಚ್ಚಾಗಿ ಬರೆದವನನ್ನೇ ಕಟ್ಟಿಹಾಕುತ್ತದೆ. ಆದ್ದರಿಂದಲೇ ಅದನ್ನು ಅಂದೇ, ಫಲ ತಿಳಿಯುವ ಮೊದಲೇ ಬರೆಯಬೇಕು. ಅವರು ಕೇಳಿದ್ದು, ತಾನು ಹೇಳಿದ್ದು, ಹಾಗೆ ಹೇಳಿದ ಕಾರಣ, ಅವರು ಬೇಡವೆಂದದ್ದು, ಎಲ್ಲವೂ ಇರಬೇಕು. ಮುಂದೆ ತಿದ್ದಬೇಕಾದರೆ ಹಳೆಯದನ್ನು ಒರಸದೆ, ಕೆಳಗೆ ಹೊಸ ತಾರೀಖು ಹಾಕಿ ಬರೆಯಬೇಕು. ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿಹೇಳಿ ಒಂದು ಪ್ರತಿ ಕೊಡಬೇಕು. ಇನ್ನೊಂದು ಮಾತು: ಜಗಲಿಯ ಮೇಲೆ ಮನೆಯ ಜಗಳವೂ ಬರುತ್ತದೆ, ಅಳಿಯನ ಸಾಲವೂ ಬರುತ್ತದೆ. ಸಲಹೆಗೆ ಬೇಕಿಲ್ಲದ್ದನ್ನು ಬರೆಯದೆ ಬಿಡುವುದೂ ಧರ್ಮವೇ.

ಕಳೆದ ಬೇಸಿಗೆಯಲ್ಲಿ ಮೇಷ್ಟ್ರನ್ನು ಕೇಳಿದೆ: “ಅವತ್ತು ಅವನು ಬರೆದುಕೊಂಡಿದ್ದರೆ ನಿಮಗೆ ಬೇಸರವಾಗುತ್ತಿತ್ತೇ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೂವತ್ತು ವರ್ಷ ನಾನು ಹಾಜರಿ ಪುಸ್ತಕ ಬರೆದವನು. ಹುಡುಗರ ಮೇಲೆ ಅನುಮಾನ ಅಂತ ಬರೆದೆನೇ? ದಿನಾ ಒಂದೊಂದು ಹೆಸರನ್ನೂ ಕೂಗಬೇಕು, ಒಬ್ಬನೂ ಬಿಟ್ಟುಹೋಗಬಾರದು. ಅದಕ್ಕೆ ಅಲ್ಲವೇ ಆ ಪುಸ್ತಕ ಇರೋದು? ಅವನ ಹೆಸರನ್ನೂ ಎಷ್ಟು ಸಲ ಕೂಗಿದೀನಿ ಅದರಲ್ಲಿ!”