ಆಗದ ಕೇಡಿಗೆ ಮಾಡುವ ವೆಚ್ಚ

ಬಾರದೆಯೂ ಹೋಗಬಹುದಾದ ಕೇಡೊಂದಕ್ಕಾಗಿ ವರ್ಷವರ್ಷವೂ ಹಣ ಸುರಿಯುವುದು ವಿವೇಕವೊ, ದುಂದೊ? ಕರಾವಳಿಯ ನೀರಿನಲ್ಲಿ ತೈಲ ಚೆಲ್ಲದಂತೆ ಕಾಯುವ ವಿಷಯದಲ್ಲಿ ಮೊದಲು ಏಳುವ ಪ್ರಶ್ನೆಯಿದು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಕುಳಿತು ಕಡಲ ಚಿಂತೆ ಏತಕ್ಕೆಂದು ವಾಚಕರು ನಕ್ಕಾರು. ನಮ್ಮ ತುಂಗಭದ್ರೆಯೇ ಆ ಕಡಲಿಗೆ ಬೆನ್ನು ತಿರುಗಿಸಿ ಮೂಡಲಿಗೆ ಹರಿಯುವವಳು. ಆದರೆ ನಾವು ಉರಿಸುವ ತೈಲವೂ ಕೊಳ್ಳುವ ಎಷ್ಟೋ ಸರಕೂ ಕಡಲ ಮೇಲೆಯೇ ಬರುವುವು. ಅನುಕೂಲದಲ್ಲಿ ಪಾಲು ಪಡೆದವನು ಅಪಾಯದಲ್ಲಿ ಪಾಲಿಲ್ಲವೆನ್ನಲಾರನು.

2006ನೆಯ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರದ ಬಳಿ ಬಂಡೆಗೆ ಸಿಕ್ಕಿ, ಅದರ ತೈಲ ದಡವನ್ನು ಬಳಿಯಿತು. 2022ನೆಯ ಜೂನ್ 21ರಂದು ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು, ಸುಮಾರು 8,000 ಟನ್ನು ಉಕ್ಕಿನ ಸುರುಳಿಗಳೊಡನೆ ಅಪಾಯಕ್ಕೀಡಾಯಿತು. ಕರಾವಳಿ ರಕ್ಷಣಾ ಪಡೆಯವರು ಸಿರಿಯಾ ದೇಶದ 15 ಮಂದಿ ನಾವಿಕರನ್ನು ಉಳಿಸಿದರು. ಬಳಿಕ ಉಳಿದ ಭಯವೆಲ್ಲ ಹಡಗಿನ ತೊಟ್ಟಿಗಳಲ್ಲಿದ್ದ ತೈಲದ್ದು. ಇವೆರಡೂ ತೈಲವಾಹಕಗಳಲ್ಲವೆಂಬುದನ್ನು ಗಮನಿಸಬೇಕು. ಭಯ ಹುಟ್ಟಿಸಿದ್ದು ಹೊತ್ತ ಸರಕಲ್ಲ, ಅವುಗಳ ಸ್ವಂತ ಉರುವಲು.

ಎರಡೂ ಒದಗಿದುದು ಮುಂಗಾರಿನ ಹೊಸಿಲಲ್ಲಿ. ಚೆಲ್ಲಿದ ತೈಲವನ್ನು ಸುತ್ತುಗಟ್ಟುವ ತೇಲುಬೇಲಿಯು ಶಾಂತ ನೀರಿನಲ್ಲಿ ನೆರವಾದೀತು. ಮುಂಗಾರಿನ ಅಲೆ ಅದನ್ನು ಹಾರಿಹೋಗುತ್ತದೆ. ಕಲಕಿದ ತೈಲ ನೀರನ್ನು ಹೀರಿ ಹಲವು ಪಟ್ಟು ಹಿಗ್ಗಿ ಅಂಟಾಗುತ್ತದೆ. ಆಮೇಲೆ ಅದನ್ನು ಚದುರಿಸುವ ಔಷಧವೂ ಹತ್ತದು. ಹೀಗೆ ಕೇಡು ನಡೆದ ಮೇಲೆ ಮನುಷ್ಯನ ಕೈಯಲ್ಲಿ ಉಳಿಯುವುದು ಅತ್ಯಲ್ಪ. ಕರ್ತವ್ಯವೆಂಬುದೇನಿದ್ದರೂ ಅದರ ಬಹುಭಾಗ ಮೊದಲೇ ನಡೆಯತಕ್ಕದ್ದು.

ಹಡಗಿನ ಒಡೆಯನಿಂದ ಪರಿಹಾರ ವಸೂಲು ಮಾಡಿದರಾಯಿತಲ್ಲ ಎಂಬ ಆಕ್ಷೇಪವುಂಟು. ನ್ಯಾಯವಾದ ಮಾತೇ, ಆದರೆ ಪರಿಹಾರ ಲೆಕ್ಕವನ್ನು ಕೇಳುತ್ತದೆ. ಕಾಳಿ ನದಿಯ ಮುಖದಲ್ಲಿ ನೀರಿಳಿದಾಗ ಚಿಪ್ಪು ಆಯ್ದು ಮಾರುವ ಹೆಂಗಸು ಯಾವ ರಸೀದಿಯನ್ನು ತೋರಿಸಬೇಕು? ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ನಿಷೇಧವಿರುವ ಕಾಲದಲ್ಲಿ ದಡದ ಹತ್ತಿರವೇ ಬಲೆ ಬೀಸುವ ನಾಡದೋಣಿಯವನು ತನ್ನ ನಷ್ಟವನ್ನು ಯಾವ ಕಡತದಿಂದ ಸಾಧಿಸಬೇಕು? (ಏಡಿಯ ಪರವಾಗಿ ವಾದಿಸುವ ವಕೀಲರನ್ನಂತೂ ನಾನು ಕಾಣೆ.)

1996ರಿಂದ ನಮ್ಮ ದೇಶಕ್ಕೆ ಇದಕ್ಕಾಗಿಯೇ ಒಂದು ಯೋಜನೆಯಿದೆ; ಕರಾವಳಿ ರಕ್ಷಣಾ ಪಡೆ ಅದರ ಮುಂದಾಳು. ಆದರೆ ಯಾವ ಅಳಿವೆಯಲ್ಲಿ ಮೊದಲು ಬೇಲಿ ಕಟ್ಟಬೇಕು, ನೀರಿನ ಸೆಳೆತ ಎತ್ತ ಎಂಬುದನ್ನು ಅಲ್ಲಿನ ಬೆಸ್ತರಿಗಿಂತ ಬಲ್ಲವರಾರು? ಮುಂಗಾರಿಗೆ ಮುನ್ನ, ಮೇ ತಿಂಗಳಿನಲ್ಲಿ, ಅವರನ್ನು ಕೂಲಿ ಕೊಟ್ಟು ಕರೆದು ಅಭ್ಯಾಸ ಮಾಡಿಸಬೇಕು. ಹತ್ತು ವರ್ಷ ತೈಲ ಚೆಲ್ಲದೆ ಹೋದರೂ, ಗೋದಾಮಿನ ಬೇಲಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಆ ಖರ್ಚನ್ನು ಲೆಕ್ಕಪರಿಶೋಧಕರು ಹೊಡೆದುಹಾಕದಿರಲಿ.