ಇಂದಿನ ಚಿಂತನೆ: ಎರಡು ಅಂಕಗಳು



ಜಿಮ್ನಾಸ್ಟಿಕ್ಸ್‌ನಲ್ಲಿ ಮೊದಲು 10 ಅಂಕವೇ ಪರಿಪೂರ್ಣತೆ ಆಗಿತ್ತು. 2006ರಲ್ಲಿ ಆ ಪದ್ಧತಿ ಹೋಯಿತು. ಈಗ ಎರಡು ಅಂಕ: ಕಸರತ್ತು ಎಷ್ಟು ಕಠಿಣ, ಅದನ್ನು ಎಷ್ಟು ಚೊಕ್ಕವಾಗಿ ಮಾಡಿದರು. ಎರಡನ್ನೂ ಕೂಡಿಸುತ್ತಾರೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ಅತಿ ಅಪಾಯದ ಪ್ರೊಡುನೋವಾ ವಾಲ್ಟ್ ಮಾಡಿದರು. ಅದರ ಕಷ್ಟಕ್ಕೇ 7.0 ಅಂಕ. ಇಳಿಯುವಾಗ ಕುಸಿದು ಕುಕ್ಕರಿಸಿದರು, ಚೊಕ್ಕತನದ ಅಂಕ ಕಡಿಮೆಯಾಯಿತು. ಆದರೆ ಕಷ್ಟದ ಅಂಕ ಹಾಗೇ ಉಳಿಯಿತು. ಅವರು ನಾಲ್ಕನೆಯವರಾದರು. ಕಂಚು ತಪ್ಪಿದ್ದು ಬರೀ 0.150ರಿಂದ.

ನಮ್ಮ ಮಕ್ಕಳನ್ನು ಅಳೆಯುವಾಗ ಸಮಾಜ ಒಂದೇ ಅಂಕ ನೋಡಿ ಅದಕ್ಕೆ ‘ಪ್ರತಿಭೆ’ ಎನ್ನುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದ ಮಗು ಎಷ್ಟು ಎತ್ತರ ಹಾರಿತು ಎಂದು ಕೇಳುವುದಿಲ್ಲ. ಜಿಮ್ನಾಸ್ಟ್ ತನ್ನ ಕಷ್ಟವನ್ನು ತಾನೇ ಆರಿಸಿಕೊಳ್ಳುತ್ತಾಳೆ. ಈ ಮಗುವಿಗೆ ಅದನ್ನು ಆರಿಸಿಕೊಟ್ಟದ್ದು ಜಾತಿ.

ಹಾಗೆಂದು ಕಷ್ಟವೊಂದೇ ಸಾಲದು. ಇಳಿಯುವ ಹೆಜ್ಜೆಯೂ ಗಟ್ಟಿಯಾಗಬೇಕು. ಅದು ದಿನನಿತ್ಯದ ಸಮ್ಯಕ್ ವ್ಯಾಯಾಮ. ಅದು ನಮ್ಮ ಕೈಯಲ್ಲಿದೆ.

ಇಂದು ಮಗುವಿನ ಅಂಕಪಟ್ಟಿ ನೋಡುವಾಗ ಎರಡೂ ಅಂಕ ಕೂಡಿಸಿ ನೋಡೋಣ. ಪಕ್ಕದ ಮನೆಯ ಮಗುವಿಗೂ ಹಾಗೆಯೇ.

ಜೈ ಭೀಮ್.