ದೊಡ್ಡಮ್ಮನ ಗೊಂಬೆಗಳು

ಮಗುವಿಗೆ ತಟ್ಟಬಹುದಾದ ಕೇಡೆಲ್ಲ ಗೊಂಬೆಗೇ ತಟ್ಟಲಿ ಎಂದು ಕಾಗದದ ಗೊಂಬೆಯನ್ನು ಮಗುವಿನ ಮೈಗೆ ಸವರಿ ಹೊಳೆಗೆ ಬಿಡುವುದು ಜಪಾನಿನ ಹಳೆಯ ರೂಢಿ. ಮಾರ್ಚ್ 3ರಂದು ಹೆಣ್ಣುಮಕ್ಕಳಿಗಾಗಿ ಆಚರಿಸುವ ಹಿನಾಮತ್ಸುರಿ ಎಂಬ ಗೊಂಬೆಹಬ್ಬದ ಒಂದು ಬೇರು ಅಲ್ಲಿದೆ. ಇನ್ನೊಂದು, ಅರಮನೆಯ ಹುಡುಗಿಯರ ಗೊಂಬೆಯಾಟದಲ್ಲಿ. ವಾಕಯಾಮದ ಕಾದಾ ಎಂಬ ಕಡಲೂರಿನ ಅವಾಶಿಮಾ ದೇಗುಲದಲ್ಲಿ ಇಂದಿಗೂ ಆ ದಿನ ಗೊಂಬೆಗಳನ್ನು ಮರದ ದೋಣಿಯಲ್ಲಿಟ್ಟು ಸಮುದ್ರಕ್ಕೆ ಬಿಡುತ್ತಾರೆ. ಮಿಕ್ಕ ಹೆಚ್ಚಿನ ಕಡೆ ಗೊಂಬೆಗಳು ತೇಲಿಹೋಗುವುದನ್ನು ಬಿಟ್ಟು ಮನೆಯಲ್ಲೇ ನೆಲೆಯಾದವು. ರೇಷ್ಮೆ ಉಟ್ಟವು, ಬೆಲೆಬಾಳುವಂಥವಾದವು. ಅವುಗಳ ಜೊತೆಗೆ ಹಾರೈಕೆಯೂ ಬದಲಾಯಿತು.

ನಾನು ಹಬ್ಬ ಕಂಡದ್ದು ಜಪಾನಿನ ಅಜ್ಜಿಯೊಬ್ಬರ ಮನೆಯಲ್ಲಿ. ಕೆಂಪು ಬಟ್ಟೆ ಹಾಸಿದ ಏಳು ಮೆಟ್ಟಿಲು, ಹದಿನೈದು ಗೊಂಬೆ. ಮೇಲೆ ರಾಜ, ರಾಣಿ. ಕೆಳಗೆ ಮೂವರು ಸೇವಕಿಯರು, ಐವರು ಹಾಡು ವಾದ್ಯದವರು, ಇಬ್ಬರು ಮಂತ್ರಿಗಳು, ಐದನೆಯ ಮೆಟ್ಟಿಲಲ್ಲಿ ಮೂವರು ಆಳುಗಳು. ಕೊನೆಯ ಎರಡು ಮೆಟ್ಟಿಲ ತುಂಬ ಮದುವೆಯ ಬಳುವಳಿ: ಪೆಟ್ಟಿಗೆ, ಕನ್ನಡಿ, ಪಲ್ಲಕ್ಕಿ, ಎತ್ತಿನ ಬಂಡಿ. ಮೆಟ್ಟಿಲು ಇಳಿದಂತೆ ಹಾರೈಕೆ ಏನೆಂಬುದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ. ನಿನಗೆ ಒಳ್ಳೆಯ ಗಂಡ ಸಿಗಲಿ, ತುಂಬಿದ ಮನೆ ಸಿಗಲಿ. ಅಂದಿನ ಊಟದಲ್ಲಿಯೂ ಅದೇ ಮಾತು. ಚಿರಾಶಿಜುಶಿಯ ಬಣ್ಣಬಣ್ಣದ ಅನ್ನದ ಜೊತೆ ಹಾಮಾಗುರಿ ಎಂಬ ಚಿಪ್ಪಿನ ಸಾರು. ಈ ಚಿಪ್ಪಿನ ಎರಡು ಹೋಳು ಒಂದಕ್ಕೊಂದಲ್ಲದೆ ಬೇರೆ ಯಾವುದಕ್ಕೂ ಹೊಂದುವುದಿಲ್ಲವಂತೆ.

ಆ ಗೊಂಬೆಗಳು ಅಜ್ಜಿಯ ಮೊಮ್ಮಗಳವಲ್ಲ, ಅವಳ ದೊಡ್ಡಮ್ಮನವು. ಹೆಣ್ಣುಮಗು ಹುಟ್ಟಿ ಬರುವ ಮೊದಲ ಹಬ್ಬಕ್ಕೆ ಗೊಂಬೆ ತರುವುದು ಅಲ್ಲಿನ ಪದ್ಧತಿ, ಹಾಗೆ ಅಜ್ಜಿ ಚೊಚ್ಚಲ ಮಗಳಿಗೆ ತಂದಿದ್ದರು. ಹಬ್ಬ ಮುಗಿದರೂ ಗೊಂಬೆ ಎತ್ತಿಡದಿದ್ದರೆ ಮಗಳ ಮದುವೆ ತಡವಾಗುತ್ತದೆ ಎಂಬ ನಂಬಿಕೆ ಆ ನಾಡಿನಲ್ಲಿ ಮನೆಮನೆಗೂ ಗೊತ್ತು. ಅಜ್ಜಿ ಒಂದು ವರ್ಷವೂ ತಡಮಾಡಿದವರಲ್ಲ. ಆದರೂ ದೊಡ್ಡಮ್ಮ ಮದುವೆಯಾಗಲಿಲ್ಲ. ಈಗ ತಲೆಯಲ್ಲಿ ಬಿಳಿ ಕೂದಲು ಇಣುಕುವ ವಯಸ್ಸು. ಪ್ರತಿವರ್ಷ ರಜೆ ಹಾಕಿ ಬಂದು ಮೆಟ್ಟಿಲು ಜೋಡಿಸುವವರು ಅವರೇ.

ಒಂದೊಂದು ಗೊಂಬೆಯ ಮುಖಕ್ಕೂ ತೆಳು ಕಾಗದ ಸುತ್ತಿಟ್ಟಿದ್ದರು. ಬಿಚ್ಚುವಾಗ ಬೆರಳು ಮುಖಕ್ಕೆ ತಾಗಬಾರದು, ಬೆವರಿನ ಕಲೆ ಹೋಗುವುದಿಲ್ಲ. ರಾಜನ ಟೋಪಿಯ ದಾರವನ್ನು ಗದ್ದದ ಕೆಳಗೆ ಕಟ್ಟುವುದು ಹೇಗೆಂದು ದೊಡ್ಡಮ್ಮ ಹುಡುಗಿಗೆ ತೋರಿಸಿದರು. ಹುಡುಗಿಯ ಕಣ್ಣು ಮಾತ್ರ ಐದನೆಯ ಮೆಟ್ಟಿಲ ಮೇಲಿತ್ತು. ಆ ಆಳುಗಳಲ್ಲಿ ಒಬ್ಬ ಅಳುತ್ತಾನೆ, ಒಬ್ಬ ನಗುತ್ತಾನೆ, ಇನ್ನೊಬ್ಬ ಸಿಟ್ಟುಗೊಂಡಿದ್ದಾನೆ. ರಾಜರಾಣಿಯರ ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಅಷ್ಟೆತ್ತರದಲ್ಲಿ ಕೂರಿಸಿ ಮಗಳಿಗೆ ನಾವು ಬಯಸುವ ಸುಖ ಎಷ್ಟು ನಿಶ್ಚಲವಾದದ್ದು! ಹುಡುಗಿ ಬದುಕನ್ನು ಗುರುತಿಸಿದ್ದು ಅಳುವವನಲ್ಲಿ, ಸಿಡುಕುವವನಲ್ಲಿ.

ಅಜ್ಜಿ ಮೊಮ್ಮಗಳಿಗೆ ಹೊಸ ಗೊಂಬೆ ಕೊಳ್ಳಬೇಕೆಂದಿದ್ದರು. ಗೊಂಬೆ ಒಬ್ಬಳ ಕೇಡನ್ನು ಹೊರುವಂಥದ್ದು, ಆದ್ದರಿಂದ ಒಬ್ಬಳದು ಇನ್ನೊಬ್ಬಳಿಗೆ ಸಲ್ಲದು ಎನ್ನುವವರಿದ್ದಾರೆ. ಹುಡುಗಿ ಒಪ್ಪಲಿಲ್ಲ, ದೊಡ್ಡಮ್ಮನವೇ ಬೇಕೆಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಅವಳಿಗೆ ಕೆಟ್ಟದ್ದೇನೂ ಆಗಿಲ್ಲವಲ್ಲ" ಎಂದರು. ತಾಯಿಯೊಬ್ಬಳು ಈ ಮಾತಿಗೆ ಬಂದು ತಲುಪಲು ಎಷ್ಟು ವರ್ಷ ಹಿಡಿದಿರಬೇಕು ಎಂದು ನಾನು ಯೋಚಿಸುತ್ತಲೇ ಇದ್ದೇನೆ.

ಇದೇ ಹಬ್ಬದ ಚರಿತ್ರೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ. ತೊಕುಗಾವಾ ಎಂಬ ಮನೆತನದಿಂದ ಅರಮನೆಗೆ ಸೊಸೆಯಾಗಿ ಬಂದ ಮಸಾಕೊ ತನ್ನ ಪುಟ್ಟ ಮಗಳಿಗೆ ಮಾಡಿಸಿಕೊಟ್ಟ ಗೊಂಬೆಗಳಿಂದಲೇ ಈ ಜೋಡಿಗೊಂಬೆಯ ವಾಡಿಕೆ ಬಂತೆಂಬ ಮಾತಿದೆ. ಆ ಮಗು 1629ರಲ್ಲಿ ಮೇಶೋ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದಳು. ಹಾಗೆ ತಾನೇ ಪಟ್ಟವೇರಿದ ಹೆಣ್ಣು ಮದುವೆಯಾಗುವಂತಿರಲಿಲ್ಲ. 1643ರಲ್ಲಿ ಸಿಂಹಾಸನ ಬಿಟ್ಟ ಮೇಲೂ ಆಕೆ ಒಂಟಿಯಾಗಿಯೇ ಉಳಿದು 1696ರವರೆಗೆ ಬದುಕಿದಳು. ಮದುವೆಯ ಗೊಂಬೆಗಳ ಕಥೆಯ ಮೊದಲಿಗೇ ಮದುವೆಯಿಲ್ಲದ ಹುಡುಗಿಯೊಬ್ಬಳು ನಿಂತಿದ್ದಾಳೆ.

ಅಜ್ಜಿಯ ಹಾರೈಕೆಯನ್ನು ಹಗುರಾಗಿ ಕಾಣಲು ನನ್ನಿಂದಾಗದು. ಉಳಿಸಿದ ದುಡ್ಡಿನಲ್ಲಿ ಏಳು ಮೆಟ್ಟಿಲು ತಂದ ತಾಯಿ ಅವರು. ಆದರೆ ಮಗಳ ಸುಖ ಹೀಗೇ ಇರಬೇಕೆಂದು ಮೊದಲೇ ಅಚ್ಚು ಹಾಕಿಟ್ಟರೆ, ಆ ಅಚ್ಚಿಗೆ ಕೂರದ ಮಗಳು ವರ್ಷವರ್ಷವೂ ಅದರ ಮುಂದೆ ಕೂತು ಉತ್ತರ ಕೊಡಬೇಕಾಗುತ್ತದೆ. ಹೊಳೆಗೆ ಬಿಡುತ್ತಿದ್ದ ಕಾಗದದ ಗೊಂಬೆಗೆ ಇಂಥ ಷರತ್ತಿರಲಿಲ್ಲ. ನಿನಗೆ ಬರುವುದು ಇದಕ್ಕೆ ಬರಲಿ, ನೀನು ಬದುಕು, ಅಷ್ಟೆ. ಹೇಗೆ ಬದುಕಬೇಕೆಂಬುದನ್ನು ಅದು ಹೇಳುತ್ತಿರಲಿಲ್ಲ. ನನಗೆ ಅದೇ ದೊಡ್ಡ ಪ್ರೀತಿಯಾಗಿ ಕಾಣುತ್ತದೆ.

ನಮ್ಮ ಮೈಸೂರು ಕಡೆಯ ದಸರಾ ಗೊಂಬೆಗಳಲ್ಲೂ ಮೇಲಿನ ಸಾಲು ರಾಜರಾಣಿಯರದೇ. ಆ ಪಟ್ಟದ ಗೊಂಬೆಯನ್ನು ತವರಿನವರು ಕೊಡುವುದು ಮದುವೆಯಲ್ಲಿ. ಜಪಾನಿನಲ್ಲಿ ಹುಟ್ಟಿದ ಕೂಸಿಗೇ ಕೊಟ್ಟುಬಿಡುತ್ತಾರೆ. ಅದರಿಂದಲೇ ಅಲ್ಲವೇ, ಮದುವೆಯಾಗದ ಆ ದೊಡ್ಡಮ್ಮನಿಗೂ ತನ್ನವು ಎನ್ನಲು, ಸೋದರಿಯ ಮಗಳಿಗೆ ದಾಟಿಸಲು ಹದಿನೈದು ಗೊಂಬೆ ಇದ್ದದ್ದು! ಮದುವೆ ಬೇಡವೆಂದ ಮಗಳಿಗೆ ಪಟ್ಟದ ಗೊಂಬೆ ಕೊಟ್ಟ ಮನೆಯನ್ನು ನಮ್ಮಲ್ಲಿ ನಾನಿನ್ನೂ ಕಂಡಿಲ್ಲ. ಕೊಡಲು ಅಡ್ಡಿಯಾದರೂ ಏನಿದೆ?